ಹೆರಿಗೆ ನೋವಿಗೆ ಹಾಡು: ಎಷ್ಟು ಉಪಯೋಗ, ಎಲ್ಲಿ ಉಪಯೋಗವಿಲ್ಲ?

ತುಂಬು ಗರ್ಭಿಣಿ ಇರೋ ಮನೆಯಲ್ಲಿ ಎಂಟನೇ ತಿಂಗಳಿಗೇ ಒಂದು ಬ್ಯಾಗ್ ರೆಡಿ ಆಗುತ್ತದೆ. ತಾಯಿ ಕಾರ್ಡ್, ಆಧಾರ್, ಸ್ಕ್ಯಾನಿಂಗ್ ರಿಪೋರ್ಟ್, ಹಳೇ ಕಾಟನ್ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆ, ಎರಡು ನೈಟಿ, ಒಂದು ಫ್ಲಾಸ್ಕು. ಈಚೆಗೆ ಕೆಲವು ಮನೆಗಳಲ್ಲಿ ಈ ಬ್ಯಾಗಿಗೆ ಇನ್ನೊಂದು ವಸ್ತು ಸೇರುತ್ತಿದೆ: ಇಯರ್‌ಫೋನ್.

ಹೆರಿಗೆ ಹೊತ್ತಲ್ಲಿ ಹಾಡು ಕೇಳಿದರೆ ನೋವು ಕಮ್ಮಿ ಆಗುತ್ತೆ ಅನ್ನೋ ಮಾತು ಮೊಬೈಲ್ ವಿಡಿಯೋಗಳ ಮೂಲಕ ಹಳ್ಳಿ ಮನೆಗೂ ಬಂದಿದೆ. ಕೇಳಿದ ಅಜ್ಜಿಯಂದಿರು ನಗುತ್ತಾರೆ. ‘ನಾಲ್ಕು ಹೆತ್ತೋಳು ನಾನು, ಯಾವ ಹಾಡೂ ಕೇಳಿರ್ಲಿಲ್ಲ’ ಅನ್ನುತ್ತಾರೆ. ಅವರ ನಗುವಿನಲ್ಲೂ ಅರ್ಧ ನಿಜ ಇದೆ, ವಿಡಿಯೋದಲ್ಲೂ ಅರ್ಧ ನಿಜ ಇದೆ. ಹಾಡು ಹೆರಿಗೆ ನೋವನ್ನು ಓಡಿಸುವುದಿಲ್ಲ. ಆದರೆ ನೋವಿನ ಜೊತೆಗೆ ಬರುವ ಹೆದರಿಕೆಯನ್ನು ಸ್ವಲ್ಪ ಇಳಿಸುತ್ತದೆ, ಅದರಲ್ಲೂ ಹೆರಿಗೆಯ ಮೊದಮೊದಲ ಹಂತದಲ್ಲಿ. ಖರ್ಚಿಲ್ಲದ ಈ ಉಪಾಯದಿಂದ ಯಾರಿಗೆ, ಯಾವಾಗ ಉಪಯೋಗ ಅನ್ನೋದು ತಿಳಿದಿದ್ದರೆ ಆಸ್ಪತ್ರೆಗೆ ಹೋಗುವಾಗ ಸುಳ್ಳು ಭರವಸೆಯೂ ಇರುವುದಿಲ್ಲ, ಇರೋ ಅನುಕೂಲವೂ ತಪ್ಪುವುದಿಲ್ಲ.

ನೋವು ಒಂದು, ಭಯ ಇನ್ನೊಂದು

ಹೆರಿಗೆ ನೋವು ಗಾಯದ ನೋವಿನ ಹಾಗೆ ಒಂದೇ ಸಮ ಇರುವುದಿಲ್ಲ. ಅಲೆಯ ಹಾಗೆ ಬಂದು ಹೋಗುತ್ತದೆ. ಗರ್ಭಕೋಶ ಬಿಗಿಯಾಗಿ ಹಿಂಡಿದಾಗ ನೋವು ಏರುತ್ತದೆ, ಸಡಿಲ ಆದಾಗ ಇಳಿಯುತ್ತದೆ. ಜೋರಾದ ಹಂತದಲ್ಲಿ ಒಂದೊಂದು ಅಲೆಯೂ ಮುಕ್ಕಾಲು ನಿಮಿಷದಿಂದ ಒಂದು ನಿಮಿಷದವರೆಗೆ ಇರುತ್ತದೆ, ಎರಡು ಮೂರು ನಿಮಿಷಕ್ಕೊಮ್ಮೆ ಬರುತ್ತದೆ. ಹೀಗೆ ಹಿಂಡಿ ಹಿಂಡಿಯೇ ಗರ್ಭಕೋಶದ ಬಾಯಿ 10 ಸೆಂಟಿಮೀಟರ್‌ವರೆಗೆ ತೆರೆದುಕೊಳ್ಳಬೇಕು. 5 ಸೆಂಟಿಮೀಟರ್ ಆದ ಮೇಲಿನದನ್ನು ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಸಕ್ರಿಯ ಹಂತ ಎಂದು ಲೆಕ್ಕ ಹಿಡಿಯುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಈ ಹಂತ 12 ಗಂಟೆವರೆಗೂ ಎಳೆಯಬಹುದು. ಅದಕ್ಕೂ ಮುಂಚಿನ ಸಣ್ಣ ನೋವಿನ ಹಂತಕ್ಕೆ ಇಂತಿಷ್ಟೇ ಹೊತ್ತು ಅನ್ನೋ ಲೆಕ್ಕವೇ ಇಲ್ಲ. ಕೆಲವರಿಗೆ ನಾಲ್ಕೈದು ಗಂಟೆ, ಕೆಲವರಿಗೆ ಒಂದು ಹಗಲು ಒಂದು ರಾತ್ರಿ.

ಅಷ್ಟು ಹೊತ್ತು ಒಬ್ಬ ಹುಡುಗಿ ಗೊತ್ತಿಲ್ಲದ ರೂಮಿನಲ್ಲಿ, ಫಿನಾಯಿಲ್ ವಾಸನೆ ನಡುವೆ, ಪಕ್ಕದ ಮಂಚದವಳ ಕೂಗು ಕೇಳುತ್ತಾ ಮಲಗಿರುತ್ತಾಳೆ. ಹೆದರಿಕೆ ಆಗದೇ ಇರುತ್ತದೆಯೇ? ಭಯ ಆದಾಗ ಮೈಯಲ್ಲಿ ಅಡ್ರಿನಾಲಿನ್ ಅನ್ನೋ ಹಾರ್ಮೋನು ಏರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡುವುದಕ್ಕೆ ಅದು ಬೇಕು. ಹೆರಿಗೆ ಹೊತ್ತಲ್ಲಿ ಅದೇ ಅಡ್ಡಗಾಲು. ಹಲ್ಲು ಕಚ್ಚಿ, ಭುಜ ಬಿಗಿ ಹಿಡಿದು, ಉಸಿರು ಮೇಲೆ ಮೇಲೆ ಎಳೆಯುತ್ತಾ ಇದ್ದರೆ ಮೈ ಬೇಗ ಸುಸ್ತಾಗುತ್ತದೆ. ಗರ್ಭಕೋಶವನ್ನು ಹಿಂಡಿಸುವ ಆಕ್ಸಿಟೋಸಿನ್ ಹಾರ್ಮೋನಿನ ಕೆಲಸಕ್ಕೂ ಅಡ್ರಿನಾಲಿನ್ ತೊಡಕು ಮಾಡುತ್ತದೆ. ನೋವು ಮಾತ್ರ ಜಾಸ್ತಿ, ಕೆಲಸ ನಿಧಾನ.

ಗ್ರ್ಯಾಂಟ್ಲಿ ಡಿಕ್-ರೀಡ್ ಅನ್ನೋ ಇಂಗ್ಲೆಂಡಿನ ಹೆರಿಗೆ ಡಾಕ್ಟರ್ 1930ರ ದಶಕದಲ್ಲೇ ಇದನ್ನು ಒಂದು ಸುತ್ತು ಎಂದು ವಿವರಿಸಿದ್ದರು. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ. ಅವರು ಹೇಳಿದ್ದೆಲ್ಲಾ ಇವತ್ತು ಒಪ್ಪಿಗೆ ಆಗಿಲ್ಲ. ಭಯ ಇಲ್ಲದಿದ್ದರೆ ಹೆರಿಗೆಯಲ್ಲಿ ನೋವೇ ಇರಬಾರದು ಅನ್ನೋವರೆಗೆ ಹೋದದ್ದು ಹೆತ್ತವರಿಗೆ ಮಾಡಿದ ಅನ್ಯಾಯ ಅಂತಲೇ ಹೇಳಬೇಕು. ನೋವು ನಿಜ, ಅದು ಹೆದರುಪುಕ್ಕಲಿಯ ಕಲ್ಪನೆ ಅಲ್ಲ. ಆದರೆ ಆ ಸುತ್ತಿನ ಮಾತು ಮಾತ್ರ ಗಟ್ಟಿಯಾಗಿ ಉಳಿದುಕೊಂಡಿದೆ. ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಿದರೂ ಲಾಭ ಇದೆ. ಹಾಡು ಕತ್ತರಿಸುವುದು ಭಯದ ಕಡೆಯಿಂದ.

ಕಿವಿಗೆ ಬಿದ್ದದ್ದು ಸೊಂಟದ ನೋವಿಗೆ ಹೇಗೆ ತಾಗುತ್ತೆ?

ಸಂಜೆ ಅಂಗಡಿಯಲ್ಲಿ ರಶ್ ಇದ್ದಾಗ ಮೂಟೆ ದಾರ ಕತ್ತರಿಸುತ್ತಾ ಬ್ಲೇಡು ಬೆರಳಿಗೆ ತಾಗಿರುತ್ತದೆ. ಗಿರಾಕಿ ಎದುರಿಗಿದ್ದಾಗ ಗೊತ್ತೇ ಆಗುವುದಿಲ್ಲ. ರಾತ್ರಿ ಷಟರ್ ಎಳೆದು ಕೈ ತೊಳೆಯುವಾಗ ಚುರ್ ಅನ್ನುತ್ತದೆ. ಗಾಯ ಸಂಜೆಯೂ ಇತ್ತು, ರಾತ್ರಿಯೂ ಇತ್ತು. ವ್ಯತ್ಯಾಸ ಆಗಿದ್ದು ಮಿದುಳು ಅದರ ಕಡೆ ತಿರುಗಿ ನೋಡಿದ್ದರಲ್ಲಿ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು ಇದಕ್ಕೆ ಒಂದು ಸಿದ್ಧಾಂತ ಕೊಟ್ಟರು. ನೋವಿನ ಸುದ್ದಿ ನರಗಳಿಂದ ಸೀದಾ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದ್ದ ಹಾಗೆ ಇದೆ. ಆ ಬಾಗಿಲು ಎಷ್ಟು ತೆರೆದಿರಬೇಕು ಅನ್ನೋದನ್ನು ಬೇರೆ ಸಂವೇದನೆಗಳೂ, ಮಿದುಳಿನಿಂದ ಕೆಳಗೆ ಬರುವ ಸಂದೇಶಗಳೂ ತೀರ್ಮಾನ ಮಾಡುತ್ತವೆ ಎಂದರು. ಬಿದ್ದ ಮಗುವಿನ ಮಂಡಿಯನ್ನು ತಾಯಿ ಉಜ್ಜಿದರೆ ಅಳು ನಿಲ್ಲುವುದು, ಹೆರಿಗೆ ಹೊತ್ತಲ್ಲಿ ಸೊಂಟ ನೀವಿದರೆ ಹಾಯ್ ಅನ್ನಿಸುವುದು ಇದರಿಂದಲೇ. ಮುಂದೆ ಸಿದ್ಧಾಂತದ ವಿವರಗಳು ಸಾಕಷ್ಟು ಬದಲಾಗಿವೆ. ಆದರೆ ಗಮನ, ಮನಸ್ಥಿತಿ, ಭಯ ಇವೆಲ್ಲಾ ನೋವಿನ ತೀವ್ರತೆಯನ್ನು ಬದಲಾಯಿಸುತ್ತವೆ ಅನ್ನೋದರಲ್ಲಿ ಈಗ ಯಾರಿಗೂ ಅನುಮಾನ ಇಲ್ಲ.

ಹಾಡು ಮಾಡುವ ಕೆಲಸ ಮುಖ್ಯವಾಗಿ ಮೂರು ಕಡೆ. ಗಮನವನ್ನು ನೋವಿನಿಂದ ಸ್ವಲ್ಪ ಆಚೆ ಎಳೆಯುತ್ತದೆ. ಪರಿಚಯದ ದನಿ ಕಿವಿಯಲ್ಲಿ ಇದ್ದರೆ ಅಪರಿಚಿತ ರೂಮು ಅಷ್ಟು ಅಪರಿಚಿತ ಅನ್ನಿಸುವುದಿಲ್ಲ. ಇನ್ನು ಉಸಿರು. ಬಹುಶಃ ಎಲ್ಲಕ್ಕಿಂತ ಹೆಚ್ಚು ಕೈಗೆ ಸಿಗೋ ಲಾಭ ಇದೇ. ನಿಧಾನ ಲಯದ ಹಾಡಿನ ಜೊತೆ ಉಸಿರನ್ನು ಉದ್ದಕ್ಕೆ ಬಿಡುವುದು ಸುಲಭ. ‘ಉಸಿರು ಬಿಡಮ್ಮಾ, ಉಸಿರು ಬಿಡು’ ಅಂತ ನರ್ಸ್ ಹತ್ತು ಸಲ ಹೇಳಿದಾಗ ಆಗದೇ ಇದ್ದದ್ದು, ಹಾಡಿನ ಸಾಲು ಮುಗಿಯೋವರೆಗೆ ಉಸಿರು ಬಿಡೋದು ಅಂತ ಮೊದಲೇ ರೂಢಿ ಮಾಡಿಕೊಂಡಿದ್ದರೆ ತಾನಾಗಿ ಆಗುತ್ತದೆ.

ಪರೀಕ್ಷೆ ಮಾಡಿ ನೋಡಿದವರು ಏನಂತಾರೆ?

ಥಾಯ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಸಸಿತೊರ್ನ್ ಫುಮ್‌ಡೂಂಗ್ ಮತ್ತು ಮೇರಿಯನ್ ಗುಡ್ ಅನ್ನೋ ಇಬ್ಬರು ನರ್ಸಿಂಗ್ ಸಂಶೋಧಕಿಯರು ಅದನ್ನು 2003ರಲ್ಲಿ ಪ್ರಕಟಿಸಿದರು. 110 ಮಂದಿ ಚೊಚ್ಚಲ ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೆರಿಗೆಯ ಸಕ್ರಿಯ ಹಂತ ಶುರು ಆದ ಹೊತ್ತಿನಿಂದ ಮೂರು ಗಂಟೆ ಮೆಲುವಾದ, ಸಾಹಿತ್ಯ ಇಲ್ಲದ ಸಂಗೀತ ಕೇಳಿಸಿದರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಅಷ್ಟೇ. ಗಂಟೆಗೊಮ್ಮೆ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿದರು: ನೋವು ಎಷ್ಟಿದೆ? ಆ ನೋವಿನಿಂದ ಸಂಕಟ ಎಷ್ಟಾಗುತ್ತಿದೆ? ಎರಡೂ ಒಂದೇ ಅಲ್ಲ ಅನ್ನೋದು ಹೆತ್ತವರಿಗೆಲ್ಲಾ ಗೊತ್ತು. ಸಂಗೀತ ಕೇಳಿದ ಗುಂಪಿನಲ್ಲಿ ನೋವೂ ಸಂಕಟವೂ ಎರಡೂ ಕಮ್ಮಿ ದಾಖಲಾದವು. ಗಂಟೆ ಕಳೆದ ಹಾಗೆ ಎರಡೂ ಗುಂಪಿನಲ್ಲಿ ನೋವು ಏರಿತು, ಅದು ಹೆರಿಗೆಯ ಗುಣ. ಆದರೆ ಸಂಗೀತ ಕೇಳಿದವರಲ್ಲಿ ಸಂಕಟ ಏರುವುದು ಸುಮಾರು ಒಂದು ಗಂಟೆ ತಡವಾಯಿತು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಒಂದು ಗಂಟೆ ಏನೂ ಅಲ್ಲ ಅನ್ನಿಸಬಹುದು. ಒಳಗೆ ಮಲಗಿದವರನ್ನು ಕೇಳಬೇಕು.

ಒಂದೇ ಅಧ್ಯಯನ ನಂಬಿ ಕುಣಿಯಬಾರದು ಅಂತಲೇ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಅನ್ನೋ ಅಂತರರಾಷ್ಟ್ರೀಯ ಜಾಲ ಇದೆ. ಹೆರಿಗೆ ನೋವಿಗೆ ಮಾಡುವ ವಿಶ್ರಾಂತಿ ವಿಧಾನಗಳ ಬಗ್ಗೆ 2018ರಲ್ಲಿ ಅದು ಮಾಡಿದ ಪರಿಶೀಲನೆಯಲ್ಲಿ ಸಂಗೀತವೂ ಇತ್ತು. ಫಲಿತಾಂಶ ಹೀಗಿದೆ: ಹೆರಿಗೆಯ ಮೊದಲ, ಸಣ್ಣ ನೋವಿನ ಹಂತದಲ್ಲಿ ಹಾಡು ಕೇಳಿದವರ ನೋವು ಹತ್ತಕ್ಕೆ ಸುಮಾರು ಮುಕ್ಕಾಲು ಅಂಕದಷ್ಟು ಕಮ್ಮಿ ಇತ್ತು. ಜೋರು ನೋವಿನ ಹಂತದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳೋದಾದರೆ ಹತ್ತು ರೂಪಾಯಿಗೆ ಎಪ್ಪತ್ತೈದು ಪೈಸೆ ರಿಯಾಯಿತಿ, ಅದೂ ಬೆಳಗಿನ ಬೋಣಿಗೆ ಮಾತ್ರ. ಇಷ್ಟು ಸಣ್ಣ ಪ್ರಮಾಣದ ಪುರಾವೆಯೂ ಗಟ್ಟಿ ಅಲ್ಲ ಎಂದು ಪರಿಶೀಲನೆ ಮಾಡಿದವರೇ ಬರೆದಿದ್ದಾರೆ. ಕಾರಣ ಇದೆ. ಮಾತ್ರೆ ಪರೀಕ್ಷೆ ಮಾಡುವಾಗ ಅರ್ಧ ಜನಕ್ಕೆ ಸಕ್ಕರೆ ಮಾತ್ರೆ ಕೊಟ್ಟು ಯಾರಿಗೆ ಯಾವುದು ಅಂತ ಮುಚ್ಚಿಡಬಹುದು. ಹಾಡು ಕೇಳುವವಳಿಗೆ ತಾನು ಹಾಡು ಕೇಳುತ್ತಿದ್ದೇನೆ ಅನ್ನೋದನ್ನು ಮುಚ್ಚಿಡೋದು ಹೇಗೆ? ಜೊತೆಗೆ ಅಧ್ಯಯನಗಳು ಚಿಕ್ಕ ಚಿಕ್ಕವು, ಒಂದೊಂದು ಕಡೆ ಒಂದೊಂದು ರೀತಿ ಸಂಗೀತ.

ಹಾಗಾದರೆ ಬಿಟ್ಟುಬಿಡೋಣವೇ? ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ ಹೆರಿಗೆ ಆರೈಕೆಯ ಬಗ್ಗೆ ಕೊಟ್ಟ ಶಿಫಾರಸುಗಳಲ್ಲಿ ಉಸಿರಾಟದ ಅಭ್ಯಾಸ, ಮೈ ಸಡಿಲಿಸುವುದು, ಇವುಗಳ ಜೊತೆ ಸಂಗೀತವನ್ನೂ ಹೆಸರಿಸಿ ಒಪ್ಪಿಕೊಂಡಿದೆ. ಆರೋಗ್ಯವಾಗಿರುವ ಗರ್ಭಿಣಿ ನೋವಿಗೆ ಪರಿಹಾರ ಕೇಳಿದರೆ, ಆಕೆಗೆ ಇಷ್ಟ ಇದ್ದರೆ ಕೊಡಬಹುದು ಅನ್ನೋದು ಅದರ ಮಾತು. ಲಾಭ ಚಿಕ್ಕದಿರಬಹುದು, ನಷ್ಟ ಏನೂ ಕಾಣುತ್ತಿಲ್ಲ, ದುಡ್ಡೂ ಬೇಕಿಲ್ಲ. ಇನ್ನೊಂದು ವಿಷಯ: ಸೊಂಟಕ್ಕೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ನೋವು ಇಳಿಸುವುದರಲ್ಲಿ ಹಾಡಿಗಿಂತ ನೂರು ಪಾಲು ಮೇಲು. ಆದರೆ ಅದಕ್ಕೆ ಅರಿವಳಿಕೆ ಡಾಕ್ಟರು ಬೇಕು, ಕೊಟ್ಟ ಮೇಲೆ ನಿಗಾ ಇಡೋಕೆ ಸಿಬ್ಬಂದಿ ಬೇಕು. ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಗೆ ಅದು ಸುಲಭಕ್ಕೆ ಸಿಗೋ ಸೌಲಭ್ಯ ಅಲ್ಲ. ಇರೋದರಲ್ಲಿ ಏನು ಮಾಡಬಹುದು ಅನ್ನೋ ಪ್ರಶ್ನೆ ಬಂದಾಗ ಹಾಡಿಗೆ ಬೆಲೆ ಬರುತ್ತದೆ.

ಒಂದು ಸಣ್ಣ ಸ್ಪಷ್ಟನೆ. ‘ಸಂಗೀತ ಚಿಕಿತ್ಸೆ’ ಅಂದರೆ ನಿಜಕ್ಕೂ ತರಬೇತಿ ಪಡೆದ ಚಿಕಿತ್ಸಕರು ರೋಗಿಯ ಜೊತೆ ಕೂತು ಅವರ ಸ್ಥಿತಿಗೆ ತಕ್ಕಂತೆ ಮಾಡುವ ಕೆಲಸ. ಫೋನಿನಲ್ಲಿ ಹಾಡು ಹಾಕಿಕೊಂಡು ಕೇಳುವುದು ಆ ಅರ್ಥದಲ್ಲಿ ಚಿಕಿತ್ಸೆ ಅಲ್ಲ, ಆರೈಕೆಯ ಒಂದು ಭಾಗ. ಹೆರಿಗೆ ವಾರ್ಡುಗಳಲ್ಲಿ ನಡೆದ ಅಧ್ಯಯನಗಳು ಬಹುತೇಕ ಈ ಎರಡನೇ ರೀತಿಯವು.

ನಂಬಬಾರದ ಮಾತುಗಳು

ಇಂಥ ರಾಗ ಕೇಳಿದರೆ ಇಷ್ಟು ಗಂಟೆಗೆ ಹೆರಿಗೆ ಆಗುತ್ತೆ, ಇಂಥ ಮಂತ್ರ ಹಾಕಿದರೆ ಸಿಸೇರಿಯನ್ ತಪ್ಪುತ್ತೆ ಎಂದು ಹೇಳಿ ದುಡ್ಡು ಕೇಳುವವರು ಇದ್ದಾರೆ. ಇದಕ್ಕೆ ಆಧಾರ ಇಲ್ಲ. ಸಿಸೇರಿಯನ್ ಮಾಡಬೇಕಾಗಿ ಬರುವುದು ಮಗುವಿನ ಎದೆಬಡಿತ ಕುಸಿದಾಗ, ಮಗು ಅಡ್ಡ ಇದ್ದಾಗ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಾಗ. ಇದ್ಯಾವುದನ್ನೂ ರಾಗ ಸರಿ ಮಾಡುವುದಿಲ್ಲ.

ಹೊಟ್ಟೆ ಮೇಲೆ ಹೆಡ್‌ಫೋನ್ ಇಟ್ಟರೆ ಮಗು ಬುದ್ಧಿವಂತ ಆಗುತ್ತೆ ಅನ್ನೋದು ಇನ್ನೊಂದು. ಇದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಮೊಜಾರ್ಟ್ ಸಂಗೀತದ ಒಂದು ಸಣ್ಣ ಅಧ್ಯಯನ. ಅದರಲ್ಲಿ ಇದ್ದವರು ಗರ್ಭಿಣಿಯರೂ ಅಲ್ಲ, ಮಕ್ಕಳೂ ಅಲ್ಲ, ಕಾಲೇಜು ಹುಡುಗ ಹುಡುಗಿಯರು. ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು ಸ್ವಲ್ಪ ಚೆನ್ನಾಗಿ ಮಾಡಿದರು, ಅಷ್ಟೇ. ಅದು ಬಾಯಿಂದ ಬಾಯಿಗೆ ಬೆಳೆದು ಬಸುರಿಯ ಹೊಟ್ಟೆವರೆಗೆ ಬಂದಿದೆ. ಹೊಟ್ಟೆಯೊಳಗಿನ ಮಗುವಿಗೆ ಅಮ್ಮನ ಮಾತು ಹೇಗೂ ಕೇಳಿಸುತ್ತದೆ. ಸ್ಪೀಕರ್ ಹೊಟ್ಟೆಗೆ ಒತ್ತಿ ಹಿಡಿಯೋ ಅಗತ್ಯವೇ ಇಲ್ಲ.

ಹಾಡಿಗಿಂತ ದೊಡ್ಡದು, ಪಕ್ಕದಲ್ಲಿ ಕೂತವರು

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರ ಹೆಸರು ಕೇಳದವರು ಈ ಕಡೆ ಕಮ್ಮಿ. ಏಳು ದಶಕದಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥ ಸೂಲಗಿತ್ತಿಯರ ಕಾಲದಲ್ಲಿ ಹೆರಿಗೆ ಮನೆಯ ಒಳಕೋಣೆಯಲ್ಲಿ ಆಗುತ್ತಿತ್ತು. ಬೆನ್ನು ಹಿಡಿಯೋಕೆ ಒಬ್ಬರು, ಬಿಸಿನೀರಿಗೆ ಒಬ್ಬರು, ಮಾತಾಡಿಸೋಕೆ ಒಬ್ಬರು. ಬಸುರಿ ಬಯಕೆಯ ಪದ, ಸೋಬಾನೆ, ಮಗು ಬಂದ ಮೇಲೆ ತೊಟ್ಟಿಲ ಪದ, ಇವೆಲ್ಲಾ ಆ ಹೆಂಗಸರ ಬಾಯಲ್ಲೇ ಇದ್ದವು. ಹುಡುಗಿ ಒಂಟಿ ಅನ್ನೋ ಪ್ರಶ್ನೆಯೇ ಇರಲಿಲ್ಲ.

ಹಾಗಂತ ಆ ಕಾಲವೇ ಚೆನ್ನಾಗಿತ್ತು ಅನ್ನೋ ಹಾಗಿಲ್ಲ. ರಕ್ತಸ್ರಾವ ಆದರೆ, ನಂಜು ಏರಿದರೆ ಆ ಒಳಕೋಣೆಯಲ್ಲಿ ಮಾಡೋದಕ್ಕೆ ಏನೂ ಇರಲಿಲ್ಲ. ಕರ್ನಾಟಕದಲ್ಲಿ 2001–03ರ ಹೊತ್ತಿಗೂ ಒಂದು ಲಕ್ಷ ಜೀವಂತ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕಕ್ಕೆ ಅದು 69ಕ್ಕೆ ಇಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಜೀವ ಉಳಿಯಿತು. ಆದರೆ ಬಾಗಿಲು ಮುಚ್ಚಿದ ಮೇಲೆ ಅಮ್ಮ, ಅತ್ತೆ, ಗಂಡ ಎಲ್ಲರೂ ಹೊರಗೆ, ಅವಳೊಬ್ಬಳೇ ಒಳಗೆ ಅನ್ನೋ ಸ್ಥಿತಿ ಬಂತು.

ಇದು ಸಣ್ಣ ನಷ್ಟ ಅಲ್ಲ ಅನ್ನೋದಕ್ಕೆ ಪುರಾವೆ ಹಾಡಿಗಿಂತ ಎಷ್ಟೋ ಗಟ್ಟಿ ಇದೆ. ಹೆರಿಗೆಯುದ್ದಕ್ಕೂ ಪಕ್ಕದಲ್ಲಿ ಒಬ್ಬರು ಇದ್ದರೆ ಏನಾಗುತ್ತೆ ಅನ್ನೋದರ ಬಗ್ಗೆ 15 ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದ 26 ಅಧ್ಯಯನಗಳನ್ನು 2017ರಲ್ಲಿ ಕಾಕ್ರೇನ್ ಪರಿಶೀಲಿಸಿತು. ಜೊತೆಗಾರರು ಇದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಮ್ಮಿ, ನೋವಿನ ಔಷಧಿ ಕಮ್ಮಿ. ಹೆರಿಗೆಯ ಹೊತ್ತು ಸರಾಸರಿ 40 ನಿಮಿಷದಷ್ಟು ಕಮ್ಮಿ. ಹಾಡು ಮತ್ತು ಅಮ್ಮನ ಕೈ, ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಅಮ್ಮನ ಕೈಯನ್ನೇ ಆರಿಸಬೇಕು. ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಸರ್ಕಾರಿ ಆಸ್ಪತ್ರೆಯಲ್ಲಿ ಜೊತೆಗಾರರನ್ನು ಬಿಡೋದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾರರನ್ನು ಬಿಡಬೇಕು ಎಂದು ಮಾರ್ಗಸೂಚಿ ಕೊಟ್ಟಿದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸೋಕೆ 2017ರ ಡಿಸೆಂಬರ್‌ನಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಗರ್ಭಿಣಿಯನ್ನು ಗೌರವದಿಂದ ನಡೆಸಿಕೊಳ್ಳುವುದು, ಖಾಸಗಿತನ, ಜೊತೆಗಾರರು ಇವೆಲ್ಲಾ ಸೇರಿವೆ. ಒಳಗೆ ಬರುವವರು ಹೆಂಗಸಾಗಿರಬೇಕು, ಸ್ವತಃ ಹೆರಿಗೆ ಅನುಭವ ಇದ್ದರೆ ಒಳ್ಳೆಯದು. ಅಂಟು ರೋಗ ಇರಬಾರದು, ಬಟ್ಟೆ ಶುಚಿ ಇರಬೇಕು, ಕೊನೇವರೆಗೂ ಜೊತೆಗೆ ಇರೋಕೆ ಒಪ್ಪಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಪರದೆ, ಖಾಸಗಿತನ ಸರಿಯಾಗಿ ಇರೋ ಕಡೆ ಗಂಡನನ್ನೂ ಬಿಡಬಹುದು. ನೋವು ಶುರು ಆದ ಮೇಲೆ ಬಾಗಿಲಲ್ಲಿ ನಿಂತು ವಾದ ಮಾಡುವುದಕ್ಕಿಂತ, ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಗೆ ಹೋದಾಗಲೇ ಜೊತೆಗಾರರು ಯಾರು, ಫೋನು ಒಳಗೆ ತರಬಹುದೇ ಎಂದು ಕೇಳಿಟ್ಟುಕೊಳ್ಳುವುದು ಜಾಣತನ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ತಿಳಿಸುತ್ತಾರೆ.

ಮಾಡೋದು ಹೇಗೆ?

ಹಾಡು ಆರಿಸುವುದು ಹೆರುವವಳ ಕೆಲಸ. ಗಂಡನದೂ ಅಲ್ಲ, ಅತ್ತೆಯದೂ ಅಲ್ಲ, ಯಾವುದೋ ಆ್ಯಪಿನದೂ ಅಲ್ಲ. ಒಬ್ಬಳಿಗೆ ವಚನ, ದೇವರನಾಮ ಹಿತ. ಇನ್ನೊಬ್ಬಳಿಗೆ ಹಳೇ ರಾಜ್‌ಕುಮಾರ್ ಚಿತ್ರಗೀತೆ, ಮತ್ತೊಬ್ಬಳಿಗೆ ನಾತ್, ಯೇಸುವಿನ ಗೀತೆ ಅಥವಾ ಬರೀ ಕೊಳಲು. ಶಾಸ್ತ್ರೀಯ ಸಂಗೀತವೇ ಆಗಬೇಕು ಅನ್ನೋ ನಿಯಮ ಏನೂ ಇಲ್ಲ. ಇಷ್ಟ ಇಲ್ಲದ ವೀಣೆಗಿಂತ ಇಷ್ಟದ ಭಾವಗೀತೆ ಎಷ್ಟೋ ಮೇಲು. ಒಂದೇ ಎಚ್ಚರಿಕೆ, ತೀರಿಕೊಂಡವರ ನೆನಪು ತರೋ ಹಾಡು, ಕಣ್ಣೀರು ಬರಿಸೋ ಹಾಡು ಪಟ್ಟಿಯಲ್ಲಿ ಬೇಡ.

ಏಳನೇ ಎಂಟನೇ ತಿಂಗಳಲ್ಲೇ ಶುರು ಮಾಡಬೇಕು. ರಾತ್ರಿ ಮಲಗೋ ಮುಂಚೆ ಇಪ್ಪತ್ತು ನಿಮಿಷ ಅದೇ ಹಾಡುಗಳನ್ನು ಹಾಕಿ, ಭುಜ ಸಡಿಲ ಬಿಟ್ಟು, ಮೂಗಿನಿಂದ ಉಸಿರು ಎಳೆದು ಬಾಯಿಂದ ಉದ್ದಕ್ಕೆ ಬಿಡೋದನ್ನು ರೂಢಿ ಮಾಡಬೇಕು. ಹಾಡು ಬಂದರೆ ಮೈ ಸಡಿಲ ಆಗಬೇಕು ಅನ್ನೋದು ದೇಹಕ್ಕೆ ಅಭ್ಯಾಸ ಆಗಿದ್ದರೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬರುತ್ತದೆ. ಜೋರು ನೋವು ಬಂದ ಮೇಲೆ ಮೊದಲ ಸಲ ಹಾಡು ಹಾಕಿದರೆ ‘ಅದನ್ನ ಆಫ್ ಮಾಡಿ’ ಅನ್ನೋ ಸಿಟ್ಟಿನ ಮಾತೇ ಬರೋದು.

ಹಾಡುಗಳನ್ನು ಫೋನಿಗೆ ಇಳಿಸಿಟ್ಟುಕೊಂಡಿರಬೇಕು. ಆಸ್ಪತ್ರೆ ಗೋಡೆಗಳ ನಡುವೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ನೆಟ್‌ವರ್ಕ್ ಇದ್ದರೂ ಕಷ್ಟ: ನೋವು ಏರುತ್ತಿರೋ ಹೊತ್ತಿಗೆ ಸರಿಯಾಗಿ ಕೊಳಲು ನಿಂತು ಆನ್‌ಲೈನ್ ರಮ್ಮಿ ಜಾಹೀರಾತು ಬಂದರೆ ಹೇಗಿರುತ್ತೆ ಯೋಚಿಸಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರೆ ಇನ್ನೊಂದು ಉಪಕಾರ ಇದೆ, ‘ಆಯ್ತಾ? ಏನು ಮಗು?’ ಎಂದು ಅರ್ಧ ಗಂಟೆಗೊಮ್ಮೆ ಬರೋ ನೆಂಟರ ಫೋನು ಒಳಗೆ ಬರೋದಿಲ್ಲ. ಅದಕ್ಕೆ ಹೊರಗೆ ಇರೋರ ಹತ್ತಿರ ಬೇರೆ ಫೋನು ಇರಲಿ.

ಇಯರ್‌ಫೋನ್ ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ನರ್ಸ್, ಡಾಕ್ಟರ್ ಹೇಳೋದಕ್ಕೆ ತೆರೆದಿರಬೇಕು. ಪಕ್ಕದಲ್ಲಿ ಮಾಮೂಲಿ ದನಿಯಲ್ಲಿ ಆಡಿದ ಮಾತು ಕೇಳದಷ್ಟು ಜೋರು ಇದ್ದರೆ ವಾಲ್ಯೂಮ್ ಜಾಸ್ತಿ ಆಯಿತು ಅಂತ ಅರ್ಥ. ಒಂದೇ ಕೋಣೆಯಲ್ಲಿ ಎರಡು ಮೂರು ಮಂಚ ಇರೋ ಕಡೆ ಸ್ಪೀಕರಿನಲ್ಲಿ ಹಾಕಲೇಬಾರದು. ಒಬ್ಬಳ ಭಕ್ತಿಗೀತೆ ಇನ್ನೊಬ್ಬಳಿಗೆ ತಲೆನೋವು. ಜೊತೆಗೆ ಇರೋರು ಹಾಡು ಹಾಕಿ ಸುಮ್ಮನೆ ಕೂರದೆ ಸೊಂಟ ನೀವುವುದು, ಗುಟುಕು ನೀರು ಕೊಡುವುದು, ಡಾಕ್ಟರ್ ಬೇಡ ಅನ್ನದಿದ್ದರೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು ಮಾಡಬೇಕು. ದನಿ ಇರೋ ಅಮ್ಮ ತಾನೇ ಮೆಲ್ಲಗೆ ಗುನುಗಿದರೆ ಇಯರ್‌ಫೋನಿನ ಹಂಗೂ ಇಲ್ಲ.

ಮುಕ್ಕುವ ಹಂತ ಬಂದಾಗ ಹಾಡು ನಿಲ್ಲಿಸಿಬಿಡುವುದೇ ಒಳ್ಳೆಯದು. ಆಗ ಪೂರ್ತಿ ಗಮನ ಡಾಕ್ಟರ್, ನರ್ಸ್ ಹೇಳೋದರ ಮೇಲೆ, ಮೈ ಹೇಳೋದರ ಮೇಲೆ ಇರಬೇಕು. ಮಗು ಬಂದ ಮೇಲೆ ಮೊದಲ ಒಂದು ಗಂಟೆ ಹಾಡೂ ಬೇಡ, ವಿಡಿಯೋ ಕಾಲೂ ಬೇಡ. ಅದು ಮಗು ಎದೆಗೆ ಒರಗಿ ಹಾಲು ಕುಡಿಯೋ ಗಂಟೆ.

ಸಿಸೇರಿಯನ್ ಆದರೆ?

ರಾಜ್ಯದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಸಿಸೇರಿಯನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತದೆ. ನೋವು ಇರುವುದಿಲ್ಲ, ಆದರೆ ಉಪಕರಣಗಳ ಸದ್ದು, ಡಾಕ್ಟರುಗಳ ಮಾತು ಎಲ್ಲಾ ಕೇಳಿಸುತ್ತದೆ. ಆ ಹೊತ್ತಿನ ಗಾಬರಿ ಬೇರೆಯೇ. ಇಲ್ಲಿ ಹಾಡು ನೋವಿಗಲ್ಲ, ಗಾಬರಿಗೆ. ಆಪರೇಷನ್ ಥಿಯೇಟರಿಗೆ ಸ್ವಂತ ಫೋನು ಬಿಡೋದು ಬಿಡದೇ ಇರೋದು ಅಲ್ಲಿಯ ಡಾಕ್ಟರರ ತೀರ್ಮಾನ. ಅರಿವಳಿಕೆ ಡಾಕ್ಟರನ್ನು ಮುಂಚೆಯೇ ಒಂದು ಮಾತು ಕೇಳಿದರೆ ತಪ್ಪೇನಿಲ್ಲ.

ಹಾಡು ಪಕ್ಕಕ್ಕಿಟ್ಟು ಓಡಬೇಕಾದ ಸಮಯ

ರಕ್ತ ಹೋಗುತ್ತಿದ್ದರೆ, ಫಿಟ್ಸ್ ಬಂದರೆ, ತಲೆ ಸಿಡಿಯೋ ಹಾಗೆ ನೋಯ್ದು ಕಣ್ಣು ಮಂಜಾದರೆ, ನೀರು ಹಸಿರು ಬಣ್ಣಕ್ಕೆ ಬಂದರೆ, ಮಗುವಿನ ಅಲುಗಾಟ ಕಮ್ಮಿ ಆದರೆ ಮನೆಯಲ್ಲಿ ಹಾಡು ಹಾಕಿ ಸಮಾಧಾನ ಮಾಡುತ್ತಾ ಕೂರುವಂತಿಲ್ಲ. 108ಕ್ಕೆ ಫೋನ್ ಮಾಡಿ ಹೊರಡಬೇಕು. ಇನ್ನೂ ಸಣ್ಣ ನೋವು ತಾನೇ, ಹಾಡು ಕೇಳ್ಕೊಂಡು ಬೆಳಗಾಗಲಿ ನೋಡೋಣ ಎಂದು ತಡ ಮಾಡೋದು ಬಿಪಿ, ಶುಗರ್, ರಕ್ತಹೀನತೆ ಇರೋರಿಗೆ, ಮೊದಲ ಹೆರಿಗೆ ಸಿಸೇರಿಯನ್ ಆದವರಿಗೆ ಅಪಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಬೇಕಾದರೆ ಸಿಸೇರಿಯನ್, ಔಷಧಿ, ರಕ್ತ ಎಲ್ಲಾ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ. ಖರ್ಚಿನ ಯೋಚನೆಯಿಂದ ಮನೆಯಲ್ಲಿ ಕೂರಬಾರದು.

ಆಸ್ಪತ್ರೆ ರಸ್ತೆಯ ಅಂಗಡಿಯವರಿಗೂ ಒಂದು ಪಾತ್ರ

ಒಳಗೆ ಒಂದು ಕಿವಿಗೆ ಮೆಲ್ಲನೆ ಹಾಡು, ಹೊರಗಿನಿಂದ ಇನ್ನೊಂದು ಕಿವಿಗೆ ಬಸ್ಸಿನ ಹಾರನ್ನು, ಮೊಬೈಲ್ ಅಂಗಡಿ ಉದ್ಘಾಟನೆಯ ಡಿಜೆ, ಆಟೋದಲ್ಲಿ ಕಟ್ಟಿದ ಮೈಕಿನ ಬೆಡ್‌ಶೀಟ್ ಮಾರಾಟ. ಬಹುತೇಕ ತಾಲ್ಲೂಕು ಕೇಂದ್ರಗಳಲ್ಲಿ ಆಸ್ಪತ್ರೆ ಇರೋದು ಮುಖ್ಯ ರಸ್ತೆಯಲ್ಲೇ, ಸುತ್ತ ಮೆಡಿಕಲ್, ಬೇಕರಿ, ಹಣ್ಣಿನ ಗಾಡಿ. ಕಿಟಕಿ ತೆರೆದರೆ ಸೆಕೆ ಹೋಗುತ್ತೆ, ಸದ್ದು ಬರುತ್ತೆ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಅಲ್ಲಿ ಹಗಲು 50 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 40 ಡೆಸಿಬಲ್ ಮೀರಬಾರದು. ಇಬ್ಬರು ಮಾಮೂಲಿಯಾಗಿ ಮಾತಾಡಿದರೇ ಸುಮಾರು 60 ಡೆಸಿಬಲ್ ಆಗುತ್ತದೆ ಅಂದಮೇಲೆ ಮಿತಿ ಎಷ್ಟು ಬಿಗಿ ಅನ್ನೋದು ಗೊತ್ತಾಗುತ್ತದೆ. ನಿಶ್ಶಬ್ದ ವಲಯದಲ್ಲಿ ತುರ್ತು ಇದ್ದಾಗ ಬಿಟ್ಟು ಹಾರನ್ ಹೊಡೆಯುವಂತಿಲ್ಲ, ಧ್ವನಿವರ್ಧಕ ಹಾಕುವಂತಿಲ್ಲ, ಪಟಾಕಿಯೂ ಹಾಗೆಯೇ. ಮೀರಿದರೆ ಪೊಲೀಸರಿಗೆ 112ರಲ್ಲಿ ದೂರು ಕೊಡಬಹುದು.

ದೂರಿನವರೆಗೆ ಹೋಗದೆಯೂ ಆಗುವ ಕೆಲಸ ಬೇಕಾದಷ್ಟಿದೆ. ಅಂಗಡಿಯ ಸ್ಪೀಕರನ್ನು ರಸ್ತೆ ಕಡೆ ತಿರುಗಿಸಿದ್ದರೆ ಒಳಗೆ ತಿರುಗಿಸಬಹುದು. ಸದ್ದಿನ ಜನರೇಟರನ್ನು ಆಸ್ಪತ್ರೆಯ ಕಾಂಪೌಂಡಿಗೆ ಒರಗಿಸಿ ಇಟ್ಟಿದ್ದರೆ ಇನ್ನೊಂದು ಬದಿಗೆ ಸರಿಸಬಹುದು. ಬೆಳಗಿನ ಜಾವ ನಾಲ್ಕಕ್ಕೆ ತರಕಾರಿ ಲಾರಿ ಬಂದಾಗ ಹಾರನ್ ಬದಲು ಡ್ರೈವರ್ ಅಂಗಡಿಯವರಿಗೆ ಒಂದು ಫೋನ್ ಮಾಡಿದರೆ ಸಾಕು. ಗೋಡೆಯ ಆ ಕಡೆ ಆ ಹೊತ್ತಿಗೆ ಯಾರೋ ಒಬ್ಬಳು ಹಾಡಿನ ಸಾಲು ಮುಗಿಯೋವರೆಗೆ ಉಸಿರು ಬಿಡೋದನ್ನು ಪ್ರಯತ್ನ ಮಾಡುತ್ತಿರುತ್ತಾಳೆ.